ಗೃಹ ಸಚಿವರಿಗೆ ಬಹಿರಂಗ ಪತ್ರ: ಹಣ್ಣು ಕಳುವಾದರೂ ಎಫ್‌ಐಆರ್ ದಾಖಲಾಗಲಿ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,

ವಂದನೆಗಳು.

ನಾನೊಬ್ಬ ದಾಳಿಂಬೆ ಬೆಳೆಗಾರ. ಹಣ್ಣು ಕೊಯ್ಲಿಗೆ ಬಂದಾಗಲೆಲ್ಲ ನಮ್ಮ ಭಾಗದ ತೋಟಗಳಿಗೆ ಕಳ್ಳರು ನುಗ್ಗುತ್ತಿದ್ದಾರೆ. ಇದು ಈ ವರ್ಷ ಶುರುವಾದದ್ದಲ್ಲ. ಇಷ್ಟು ಕಾಲ ಠಾಣೆಗೆ ಅರ್ಜಿ ಕೊಟ್ಟು, ಬರಿಗೈಯಲ್ಲಿ ಮನೆಗೆ ಬಂದು, ಮುಂದಿನ ಬೆಳೆಯ ಕೆಲಸಕ್ಕೆ ಇಳಿಯುತ್ತಿದ್ದೆ. ಈ ಸಲ ನಡೆದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ. ನನ್ನ ಬೇಡಿಕೆ ಒಂದೇ. ತೋಟದಿಂದಾಗಲಿ, ಸಾಗಿಸುವ ವಾಹನದಿಂದಾಗಲಿ ಹಣ್ಣು ಕಳುವಾದರೆ, ಬೆಳೆಗಾರ ಯಾವ ಠಾಣೆಯ ಮೆಟ್ಟಿಲು ಹತ್ತುತ್ತಾನೋ ಅಲ್ಲಿಯೇ ಎಫ್‌ಐಆರ್ ದಾಖಲಾಗಬೇಕು.

ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಬಯಲಿನಲ್ಲಿ ದಾಳಿಂಬೆ ಬೆಳೆಯುವುದೆಂದರೆ ಏನೆಂದು ಸ್ವಲ್ಪ ಹೇಳಬೇಕು, ಬೇಸರಿಸಬೇಡಿ. ಹೂ ಬಿಡಿಸುವ ಹಂಗಾಮಾದ ಹಸ್ತ ಬಹಾರ್‌ಗೆ ಹೂ ಹಿಡಿಸಲು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ರೆಂಬೆ ಸವರಿ, ಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತೇವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿಟ್ಟ ಹೂ ಭಗವಾ ತಳಿಯ ಹಣ್ಣಾಗಿ ಕೈಗೆ ಬರಲು ಸುಮಾರು ಆರು ತಿಂಗಳು ಬೇಕು. ಆ ಆರು ತಿಂಗಳೂ ಸಾಲ ತಂದು ಗಿಡಕ್ಕೆ ಸುರಿಯುವುದೇ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ದುಂಡಾಣು ಅಂಗಮಾರಿ ರೋಗ ಬಂತೇನೋ ಎಂದು ಎಲೆ ಎಲೆ ತಿರುವಿ ನೋಡುತ್ತೇವೆ. ಬಿಸಿಲಿಗೆ ಸಿಪ್ಪೆ ಸುಡದಿರಲೆಂದು ಸಾಲು ಸಾಲಿಗೆ ಬಟ್ಟೆ ಹೊದಿಸುತ್ತೇವೆ. ಕಡೆಯ ಒಂದು ತಿಂಗಳು ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ತೋಟದಲ್ಲೇ ಮಲಗುತ್ತೇವೆ. ಮಲಗುತ್ತೇವೆ ಎನ್ನುವುದು ಮಾತಿಗಷ್ಟೆ.

ಕಳ್ಳ ಕತ್ತರಿ ಹಿಡಿದು ಬರುವುದಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಜಗ್ಗುತ್ತಾನೆ, ರೆಂಬೆಯೇ ಸೀಳಿ ಬರುತ್ತದೆ. ಹನಿ ನೀರಾವರಿಯ ಪೈಪು ತುಳಿದು ಒಡೆಯುತ್ತಾನೆ. ದಾಳಿಂಬೆ ಕಿತ್ತ ಮೇಲೆ ಮಾಗುವ ಹಣ್ಣಲ್ಲ. ಹಾಗಾಗಿ ಬಲಿಯದ ಕಾಯಿಗಳನ್ನು ಬದುವಿನ ಮೇಲೆ ಎಸೆದು ಹೋಗುತ್ತಾನೆ, ಅವು ಯಾರಿಗೂ ಉಪಯೋಗವಿಲ್ಲ. ಸೀಳಿದ ಗಾಯದಲ್ಲಿ ಅಂಗಮಾರಿ ಹೊಕ್ಕರೆ ಮುಂದಿನ ಬೆಳೆಯೂ ಹೋಯಿತು. ಹವಾಮಾನ ಆಧಾರಿತ ವಿಮೆ ಮಳೆ, ಉಷ್ಣಾಂಶ, ಆರ್ದ್ರತೆಯ ಲೆಕ್ಕ ನೋಡುತ್ತದೆ, ಕಳ್ಳನ ಲೆಕ್ಕ ಅದರಲ್ಲಿಲ್ಲ. ನಮಗೆ ಉಳಿದಿರುವ ಬಾಗಿಲು ಪೊಲೀಸ್ ಠಾಣೆಯೊಂದೇ.

ಆ ಬಾಗಿಲಲ್ಲಿ ಈ ಸಲ ಆದದ್ದನ್ನು ಕೇಳಿ. ವ್ಯಾಪಾರಿ ತೋಟ ನೋಡಿ, ದರ ಮಾತಾಡಿ, ಮುಂಗಡ ಕೊಟ್ಟು ಹೋಗಿದ್ದರು. ಮಾರನೆಯ ಬೆಳಿಗ್ಗೆ ಕೊಯ್ಲು. ಆ ರಾತ್ರಿಯೇ ಕಳ್ಳರು ಬಂದರು. ನಾಯಿ ಬೊಗಳಲಿಲ್ಲ, ಅದಕ್ಕೆ ವಿಷ ಹಾಕಿದ್ದರು. ಪಿಕಪ್ ವಾಹನ ಚಾಲೂ ಆದ ಸದ್ದಿಗೆ ಎದ್ದು ಓಡಿದರೆ ನಮ್ಮ ಮೇಲೆ ಕಲ್ಲು ತೂರಿದರು. ಹೆಂಡತಿಯ ಹಣೆಗೆ ಪೆಟ್ಟಾಯಿತು. ತೋಟದ ಒಂದು ಭಾಗವನ್ನೇ ಬರಿದು ಮಾಡಿ, ತುಂಬಿದ್ದನ್ನೆಲ್ಲ ಒಯ್ದರು. ಅವಸರದಲ್ಲಿ ಏರಿಸಲಾಗದ ಕೆಲವು ಕ್ರೇಟ್‌ಗಳು ಮಾತ್ರ ಬೇಲಿಯ ಬಳಿ ಉಳಿದವು.

112ಕ್ಕೆ ಕರೆ ಮಾಡಿದೆವು. ಬಂದ ಪೊಲೀಸರು ನೋಡಿ, ಬರೆದುಕೊಂಡು, ಉಳಿದ ಕ್ರೇಟ್‌ಗಳನ್ನು ಒಯ್ದು, ಬೆಳಿಗ್ಗೆ ಠಾಣೆಗೆ ಬನ್ನಿ ಎಂದರು. ಹೋದೆವು. ಅಲ್ಲಿದ್ದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: ‘ಹಣ್ಣು ನಿಮ್ಮದೇ ಎನ್ನುವುದಕ್ಕೆ ಏನು ಸಾಕ್ಷಿ? ಹಣ್ಣಿನ ಮೇಲೆ ನಿಮ್ಮ ಹೆಸರು ಬರೆದಿದೆಯೇ?’ ಹಣೆಗೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಅವರ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಬೆಲೆ ಕಟ್ಟಿದರು. ಒಯ್ದ ಹಣ್ಣಿಗಲ್ಲ, ಬಿಟ್ಟುಹೋದ ಕ್ರೇಟ್‌ಗಳಿಗೆ! ಅದು 5,000 ರೂಪಾಯಿ ಒಳಗೆ ಬಂತು. ‘ಇಷ್ಟು ಕಡಿಮೆ ಬೆಲೆಯ ಕಳ್ಳತನ ಅಸಂಜ್ಞೇಯ ಅಪರಾಧ, ಪೊಲೀಸರು ತಾವಾಗಿ ತನಿಖೆ ಮಾಡುವಂಥದ್ದಲ್ಲ, ಎಫ್‌ಐಆರ್ ಬರುವುದಿಲ್ಲ’ ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿಸಿದರು. ಹಾಗಿದ್ದರೆ ಆ ಕ್ರೇಟ್‌ಗಳನ್ನಾದರೂ ಕೊಡಿ, ವ್ಯಾಪಾರಿ ಕಾಯುತ್ತಿದ್ದಾರೆ ಎಂದೆ. ‘ಇದು ಮುದ್ದೆಮಾಲು, ಪ್ರಕರಣದ ಸಾಕ್ಷ್ಯವಾಗಿ ಇಟ್ಟುಕೊಂಡ ಮಾಲು. ಕೋರ್ಟ್ ಆದೇಶ ತನ್ನಿ’ ಎಂದರು. ಪ್ರಕರಣವೇ ಇಲ್ಲವೆಂದ ಮೇಲೆ ಮುದ್ದೆಮಾಲು ಎಲ್ಲಿಂದ ಬಂತು ಸ್ವಾಮಿ? ಠಾಣೆಯ ಅಂಗಳದ ಬಿಸಿಲಲ್ಲಿ ಬಿದ್ದು ಆ ಹಣ್ಣು ಕೊಳೆತುಹೋಯಿತು. ಹೋಗಿ ಬರುವಾಗಲೆಲ್ಲ ಅದನ್ನು ನೋಡಿದ್ದೇನೆ.

ಕಾನೂನು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಸಂಜ್ಞೇಯ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ಬರೆದುಕೊಳ್ಳಬೇಕು, ಅದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು ಎನ್ನುತ್ತದೆ. ಪ್ರಾಥಮಿಕ ವಿಚಾರಣೆ ಬೇಕೆಂದರೆ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನಗಳಲ್ಲಿ ಮುಗಿಸಬೇಕು. 5,000 ರೂಪಾಯಿಯ ಮಿತಿ ಕಳುವಾದ ಮಾಲಿನ ಬೆಲೆಗೆ ಸಂಬಂಧಿಸಿದ್ದು, ಕಳ್ಳ ಬಿಟ್ಟುಹೋದ ಮಾಲಿಗಲ್ಲ. ಕಲ್ಲು ತೂರಿ ಗಾಯ ಮಾಡಿದ್ದು ಯಾವ ಲೆಕ್ಕಕ್ಕೂ ಬರಲೇ ಇಲ್ಲ. ಇದನ್ನು ನಿಮ್ಮ ಇಲಾಖೆಗೆ ಒಬ್ಬ ರೈತ ಹೇಳಿಕೊಡಬೇಕೇ? ಎಫ್‌ಐಆರ್ ದಾಖಲಿಸಿ. ಕಳ್ಳನನ್ನು ಹಿಡಿಯುವುದು ಆಮೇಲಿನ ಮಾತು, ಮೊದಲು ದಾಖಲಿಸಿ.

ದಾರಿಯಲ್ಲಿ ಆಗುವ ಕಳ್ಳತನದ ಪಾಡೂ ಇದೇ. ಚಾಲಕ ಚಹಾಕ್ಕೆ ನಿಲ್ಲಿಸಿದಾಗ, ಲಾರಿ ಉಬ್ಬುಗಳಲ್ಲಿ ನಿಧಾನವಾದಾಗ ಟಾರ್ಪಾಲಿನ ಹಗ್ಗ ಕೊಯ್ದು ಕ್ರೇಟ್ ಇಳಿಸುತ್ತಾರೆ. ಮಾರುಕಟ್ಟೆಯಲ್ಲಿ ತೂಕಕ್ಕಿಟ್ಟಾಗಲೇ ನಮಗೆ ತಿಳಿಯುವುದು. ಯಾವ ಊರಿನ ಬಳಿ ಕಳುವಾಯಿತು ಎಂದು ಕೇಳುತ್ತಾರೆ. ಅದು ಗೊತ್ತಿದ್ದರೆ ಅಲ್ಲೇ ಹಿಡಿಯುತ್ತಿರಲಿಲ್ಲವೇ? ಸರಕು ಸಾಗಿಸುವ ವಾಹನದಿಂದ ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಎಫ್‌ಐಆರೇ ಇಲ್ಲದಿದ್ದರೆ ಆ ಏಳು ವರ್ಷ ಯಾರಿಗೆ?

ಇನ್ನೊಂದು ಮಾತು. ತಾಜಾ ಹಣ್ಣಿಗೆ ಜಿಎಸ್‌ಟಿ ಇಲ್ಲ, ಸರಕು ಸಾಗಿಸಲು ಬೇಕಾಗುವ ಇ-ವೇ ಬಿಲ್ಲೂ ಬೇಕಿಲ್ಲ. ಅದು ಹಾಗೆಯೇ ಇರಲಿ. ಆದರೆ ನಡುರಾತ್ರಿ ಹಣ್ಣು ತುಂಬಿಕೊಂಡು ಹೋಗುವ ವಾಹನವನ್ನು ನಿಮ್ಮ ಗಸ್ತಿನವರು ತಡೆದು, ಯಾರ ತೋಟದ್ದು ಎಂದು ಕೇಳಿ, ಆ ಬೆಳೆಗಾರನಿಗೆ ಒಂದು ಫೋನ್ ಮಾಡಿದರೆ ಸಾಕು. ಇದಕ್ಕೆ ಹೊಸ ಪರವಾನಗಿ ಖಂಡಿತ ಬೇಡ. ಅದು ನಮ್ಮಿಂದಲೇ ಹಣ ಕೀಳುವ ಮತ್ತೊಂದು ದಾರಿಯಾಗುತ್ತದೆ. ಮಾರುವವನ ಹೆಸರನ್ನೂ ಕೇಳದೆ ಅಗ್ಗಕ್ಕೆ ಕೊಳ್ಳುವವರನ್ನೂ ವಿಚಾರಿಸಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಕೊಳ್ಳುವ ಕೈ ಇಲ್ಲದಿದ್ದರೆ ರಾತ್ರಿ ನಮ್ಮ ಬೇಲಿ ಹಾರುವವರು ಯಾರು?

ಇವೆಲ್ಲಕ್ಕೂ ಮೊದಲ ಕಾಗದ ಎಫ್‌ಐಆರ್. ಅದು ಆಗಲಿ. ಮುಂದಿನ ಕೊಯ್ಲು ಶುರುವಾಗುವ ಮೊದಲು ಎಲ್ಲ ಠಾಣೆಗಳಿಗೂ ಸುತ್ತೋಲೆ ಹೊರಡಿಸಿ: ಹಣ್ಣಿನ ಕಳ್ಳತನದ ದೂರನ್ನು ವ್ಯಾಪ್ತಿಯ ನೆಪ ಹೇಳಿ ವಾಪಸು ಕಳಿಸಬಾರದು, ಒಯ್ದ ಅಷ್ಟೂ ಹಣ್ಣಿಗೆ ಬೆಲೆ ಕಟ್ಟಬೇಕು, ಸಿಕ್ಕಿದ ಹಣ್ಣು ಕೊಳೆಯುವ ಮೊದಲು ಬೆಳೆಗಾರನ ಕೈ ಸೇರುವಂತೆ ನೋಡಿಕೊಳ್ಳಬೇಕು. ಆ ಸುತ್ತೋಲೆಯನ್ನು ಠಾಣೆಯ ಒಳಗಿನ ಕಡತದಲ್ಲಿ ಇಡಬೇಡಿ, ಹೊರಗಿನ ಗೋಡೆಗೆ ಅಂಟಿಸಿ. ದೂರು ಕೊಡಲು ಹೋದಾಗ ನಾವು ಅದನ್ನು ಬೆರಳಿಟ್ಟು ತೋರಿಸುತ್ತೇವೆ.

ಇಂತಿ,
ಬಯಲುಸೀಮೆಯ ಒಬ್ಬ ದಾಳಿಂಬೆ ಬೆಳೆಗಾರ