ಚಿನ್ನ ಸಿಕ್ಕ ನೆಲದಲ್ಲಿ ಪರದೇಶಿ ಯಾರು?

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯ ವಿಷಯ ಬಂದಾಗಲೆಲ್ಲ, ಧೈರ್ಯ ಮಾಡಿ ಹೊರಟವರಿಗೆಲ್ಲ ಅಲ್ಲಿ ಸಮಾನ ಅವಕಾಶವಿತ್ತು ಎಂಬ ಧಾಟಿಯಲ್ಲೇ ನಮ್ಮವರು ಬರೆಯುತ್ತಾರೆ. ಹಲವು ವರ್ಷ ಇತಿಹಾಸ ಪಾಠ ಹೇಳಿದ ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಆ ಕಾಲದ ಶಾಸನಗಳ ಬಗ್ಗೆ ಓದಿಕೊಂಡ ಮೇಲೆ ಆ ಮಾತನ್ನು ತಿದ್ದಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಜೇಮ್ಸ್ ಮಾರ್ಷಲ್ ಎಂಬ ಬಡಗಿ ಕೊಲೋಮಾದಲ್ಲಿ ಮರ ಕೊಯ್ಯುವ ಗಿರಣಿಯ ಕಾಲುವೆಯೊಳಗೆ ಚಿನ್ನದ ಚೂರುಗಳನ್ನು ಕಂಡದ್ದು 1848ರ ಜನವರಿ 24ರಂದು. ಅಮೆರಿಕದ ಸೇನೆ ಆಗಲೇ ಅಲ್ಲಿ ಬೀಡುಬಿಟ್ಟಿದ್ದರೂ ಕಾಗದಪತ್ರದ ಪ್ರಕಾರ ಆ ನೆಲ ಇನ್ನೂ ಮೆಕ್ಸಿಕೋದ್ದಾಗಿತ್ತು. ಅದನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಒಂಬತ್ತು ದಿನಗಳ ನಂತರ. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಒಂಬತ್ತು ದಿನಗಳ ಲೆಕ್ಕ ಮುಖ್ಯವೆಂದು ನನಗೆ ತೋರುತ್ತದೆ.

ಆಗ ಸುದ್ದಿ ಹಡಗಿನಲ್ಲಿ ಸಾಗುತ್ತಿತ್ತು. ಅಮೆರಿಕದ ಪೂರ್ವ ತೀರದವರು ಖಂಡವನ್ನೇ ದಾಟಿಯೋ, ದಕ್ಷಿಣ ಅಮೆರಿಕವನ್ನು ಸುತ್ತು ಹಾಕಿಯೋ ಬರಬೇಕಾಗಿದ್ದರಿಂದ ಅವರ ಮಹಾಪೂರ ಬಂದದ್ದು 1849ರಲ್ಲಿ. ಅದಕ್ಕೂ ಮೊದಲೇ ಆರೆಗಾನ್, ಹವಾಯಿ, ಪೆರು, ಚಿಲಿ ಮತ್ತು ಮೆಕ್ಸಿಕೋದ ಸೊನೋರಾ ಪ್ರಾಂತ್ಯದ ಜನರು ಬಂದು ಕೆಲಸ ಶುರುಮಾಡಿದ್ದರು. ಸೊನೋರಾದವರು ಗಣಿ ಕಸುಬಿನಲ್ಲಿ ಪಳಗಿದವರು; ಮರದ ಬೋಗುಣಿಯಲ್ಲಿ ಮರಳು ಜಾಲಿಸುವುದನ್ನೂ, ನೀರಿಲ್ಲದ ಕಡೆ ಒಣ ಮಣ್ಣನ್ನು ಗಾಳಿಗೆ ತೂರಿ ಚಿನ್ನ ಬೇರ್ಪಡಿಸುವುದನ್ನೂ ಎಷ್ಟೋ ಮಂದಿ ಹೊಸಬರು ಅವರಿಂದಲೇ ಕಲಿತರು. ಹೀಗಿದ್ದೂ 1850ರಲ್ಲಿ ಹೊಸ ಶಾಸನಸಭೆ ‘ಪರದೇಶಿ ಗಣಿಗಾರರ’ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿತು. ಎರಡು ವರ್ಷಗಳ ಹಿಂದೆ ಮೆಕ್ಸಿಕೋದ ಭಾಗವಾಗಿದ್ದ ನೆಲದಲ್ಲಿ, ತಡವಾಗಿ ಬಂದವರು ಮೊದಲೇ ಬಂದವರನ್ನು ಪರದೇಶಿಗಳೆಂದು ಕರೆದರು. ಸಾವಿರಾರು ಮಂದಿ ಗುಂಡಿ ಬಿಟ್ಟು ಹೊರಟುಹೋದಾಗ ಗಣಿಯೂರುಗಳ ವ್ಯಾಪಾರವೇ ಕುಸಿಯಿತು. ಮರುವರ್ಷ ತೆರಿಗೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಚೀನೀಯರ ಪಾಡು ಇದಕ್ಕಿಂತ ದೀರ್ಘವಾದದ್ದು. ಕ್ಯಾಲಿಫೋರ್ನಿಯಾವನ್ನು ‘ಚಿನ್ನದ ಬೆಟ್ಟ’ ಎಂದು ಕರೆದು ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದ ಅವರು, ಬೇರೆಯವರು ಕೈಬಿಟ್ಟು ಹೋದ ಗುಂಡಿಗಳನ್ನೇ ತಾಳ್ಮೆಯಿಂದ ಮತ್ತೆ ತೊಳೆದು ಬದುಕು ಕಟ್ಟಿಕೊಂಡರು. 1852ರಲ್ಲಿ ತಿಂಗಳಿಗೆ 3 ಡಾಲರ್‌ನಂತೆ ಮರಳಿ ಬಂದ ತೆರಿಗೆಯ ಭಾರ ಮುಖ್ಯವಾಗಿ ಬಿದ್ದದ್ದು ಅವರ ಮೇಲೆಯೇ, ಮತ್ತು ಆ ಹಣ ವರ್ಷಗಟ್ಟಲೆ ರಾಜ್ಯದ ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಆದರೆ ತೆರಿಗೆ ಕಟ್ಟಿದ ಆ ಮನುಷ್ಯನ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿರಲಿಲ್ಲ. ಲಿಂಗ್ ಸಿಂಗ್ ಎಂಬ ಚೀನೀ ಗಣಿಗಾರನನ್ನು ಕೊಂದ ಅಪರಾಧಕ್ಕೆ ಶಿಕ್ಷೆಗೊಳಗಾಗಿದ್ದ ಜಾರ್ಜ್ ಹಾಲ್ ಎಂಬ ಬಿಳಿಯನ ವಿರುದ್ಧ ಚೀನೀಯರು ಹೇಳಿದ ಸಾಕ್ಷ್ಯ ಸಲ್ಲದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1854ರಲ್ಲಿ ತೀರ್ಪಿತ್ತು, ಶಿಕ್ಷೆಯನ್ನು ರದ್ದುಮಾಡಿತು. ಗುಂಡಿಯನ್ನು ಕಿತ್ತುಕೊಂಡವನ ಮೇಲೆ, ಕೊಲೆಗೈದವನ ಮೇಲೂ, ಸಾಕ್ಷಿ ನುಡಿಯಲಾಗದವನಿಗೆ ಅಲ್ಲಿ ಯಾವ ಅವಕಾಶವಿತ್ತು?

ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಎಲ್ಲಿಗೂ ವಲಸೆ ಹೋಗದವರು. ಮೊದಲ ವರ್ಷ ಚಿನ್ನ ತೆಗೆದವರಲ್ಲಿ ದೊಡ್ಡ ಪಾಲು ಅಲ್ಲಿನ ಮೂಲನಿವಾಸಿಗಳದೇ ಆಗಿತ್ತು. ಜನ ನುಗ್ಗಿದಂತೆ ಅವರ ಹೊಳೆಗಳು ಕದಡಿ ಮೀನು ತಪ್ಪಿತು, ಬೇಟೆಯ ಕಾಡು ಕೈತಪ್ಪಿತು. ‘ರಕ್ಷಣೆ’ ಎಂಬ ಹೆಸರು ಹೊತ್ತ 1850ರ ಕಾಯ್ದೆಯೊಂದು, ಅಲೆಮಾರಿಯೆಂದು ಆರೋಪ ಹೊರಿಸಿ ಅವರನ್ನು ಹರಾಜಿನಲ್ಲಿ ದುಡಿಮೆಗೆ ಒಪ್ಪಿಸಲೂ, ಅವರ ಮಕ್ಕಳನ್ನು ಜೀತದಂತೆ ಇಟ್ಟುಕೊಳ್ಳಲೂ ದಾರಿಮಾಡಿತು. 1848ರಲ್ಲಿ ಸುಮಾರು 1,50,000ದಷ್ಟಿದ್ದ ಅವರ ಸಂಖ್ಯೆ, ರೋಗ, ಹಸಿವು ಮತ್ತು ಸರ್ಕಾರದ ಹಣದಿಂದಲೇ ನಡೆದ ಹತ್ಯೆಗಳ ನಡುವೆ 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದಿತ್ತು. ಇದನ್ನು ಚಿನ್ನದ ಬೇಟೆಯ ಅಡ್ಡಪರಿಣಾಮವೆಂದು ಒಂದು ಸಾಲಿನಲ್ಲಿ ಮುಗಿಸುವ ಪಠ್ಯಗಳನ್ನು ಕಂಡರೆ ನನಗೆ ನೋವಾಗುತ್ತದೆ.

ಅದೃಷ್ಟ ಖುಲಾಯಿಸಿದವರು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮೊದಮೊದಲು ಬಂದು ಹೊಳೆಯ ಮರಳಿನಲ್ಲಿ ಕೈತುಂಬ ಸಂಪಾದಿಸಿದವರಿದ್ದರು. ಸಲಿಕೆ, ಬೋಗುಣಿಗಳನ್ನು ಮೊದಲೇ ಕೊಂಡಿಟ್ಟು ಮಾರಿದ ಸ್ಯಾಮ್ ಬ್ರಾನನ್‌ನಂಥ ವರ್ತಕರು ಅಗೆದವರಿಗಿಂತ ಶ್ರೀಮಂತರಾದರು. ಗುಲಾಮಳಾಗಿ ಅಲ್ಲಿಗೆ ಕರೆತರಲಾಗಿದ್ದ ಬಿಡ್ಡಿ ಮೇಸನ್ ಎಂಬ ಕಪ್ಪು ಮಹಿಳೆ 1856ರಲ್ಲಿ ನ್ಯಾಯಾಲಯದ ಮೂಲಕವೇ ಬಿಡುಗಡೆ ಪಡೆದಳು. ಚಿನ್ನವನ್ನು ಮೊದಲು ಕಂಡ ಮಾರ್ಷಲ್ ಮಾತ್ರ ಬಡತನದಲ್ಲೇ ತೀರಿಕೊಂಡ.

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಈ ವಿಷಯ ಮತ್ತೊಮ್ಮೆ ಬಂದಾಗ, ಮಾರ್ಷಲ್‌ನ ಚಿತ್ರದ ಪಕ್ಕದಲ್ಲಿ 1850ರ ಆ ಎರಡು ಕಾಯ್ದೆಗಳನ್ನೂ 1854ರ ತೀರ್ಪನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ