ಗೆಳೆಯನಿಗೊಂದು ಪತ್ರ: ನೀರು ಇಳಿದ ಮೇಲೆ ಕಾಣೋದು

ಮಾರಾಯ,

ಮೊನ್ನೆ ಶಿರಸಿ ಬಸ್‌ಸ್ಟ್ಯಾಂಡಲ್ಲಿ ನೀ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕೇ ಆಗ್ಲಿಲ್ಲ, ಕುಮಟಾ ಬಸ್ಸು ಬಂದುಬಿಡ್ತು. ಸೂಪರ್‌ಕಂಡಕ್ಟರಲ್ಲಿ ಕರೆಂಟು ಒಂಚೂರೂ ಲಾಸ್ ಇಲ್ದೆ ಹರಿಯತ್ತೆ ಅಂತೀಯ, ಮತ್ತೆ ಅದನ್ನೇ ದೊಡ್ಡ ಮ್ಯಾಗ್ನೆಟ್ಟಲ್ಲಿಟ್ಟು ಕೆಡಿಸ್ತೀಯ, ಇದೆಂಥ ರಿಸರ್ಚು ಅಂದ್ಯಲ್ಲ. ದೇವಿಮನೆ ಘಟ್ಟ ಇಳಿದು ಮುಗಿಯೋ ತನಕ ಅದೇ ತಲೇಲಿತ್ತು.

ನಮ್ಮ ಅಘನಾಶಿನಿ ಹೊಳೆ ನೋಡಿದ್ಯಲ್ಲ. ಭರತ ಇದ್ದಾಗ ಎಲ್ಲಾ ಒಂದೇ ಸಮ ನೀರು, ಅಡಿಗೆ ಏನಿದೆ ತಿಳಿಯಲ್ಲ, ಇಳಿತ ಆದ್ಮೇಲೇ ಕೆಸರು ಕಾಣೋದು, ಬಳಚು (ಚಿಪ್ಪಿನೊಳಗಿನ ಜೀವಿ) ಹೆಕ್ಕೋಕೆ ಜನ ಇಳಿಯೋದು ಆಗ್ಲೇ. ನಮಗೆ ಸೂಪರ್‌ಕಂಡಕ್ಟಿವಿಟಿ ಆ ಭರತದ ನೀರಿದ್ದಂಗೆ. ಎಲೆಕ್ಟ್ರಾನುಗಳು ಜೋಡಿ ಕಟ್ಟಿಬಿಟ್ರೆ ರೆಸಿಸ್ಟೆನ್ಸು ಅಳೆದಾಗ ಬರೋದು ಬರೀ ಸೊನ್ನೆ, ಸೊನ್ನೆ ನೋಡಿ ಏನು ತಿಳ್ಕೋತೀಯ ಹೇಳು? ಅಡಿಗಿರೋದು ಕಾಣ್ಬೇಕಂದ್ರೆ ಆ ಜೋಡಿ ಒಡೀಬೇಕು.

ಬಿಸಿ ಮಾಡಿದ್ರೂ ಜೋಡಿ ಒಡೆಯತ್ತೆ ನಿಜ, ಆದ್ರೆ ಆ ಬಿಸಿಗೇ ನಮಗೆ ಬೇಕಾದ ಸೂಕ್ಷ್ಮ ಎಲ್ಲಾ ಕಲಸಿ ಹೋಗತ್ತೆ. ಅದಕ್ಕೇ ಲಿಕ್ವಿಡ್ ಹೀಲಿಯಮ್ಮಿನ ಥಂಡಿಲೇ ಇಟ್ಟು ಮ್ಯಾಗ್ನೆಟ್ಟಿಂದ ಒಡೀಬೇಕು. ಆಸ್ಪತ್ರೆ ಎಂಆರ್‌ಐ 1.5 ಇಲ್ಲಾ 3 ಟೆಸ್ಲಾ (ಮ್ಯಾಗ್ನೆಟ್ಟಿನ ಜೋರು ಅಳೆಯೋ ಲೆಕ್ಕ) ಇರತ್ತೆ, ನಮ್ಮ ಲ್ಯಾಬಿಂದು 9, ನಾವು ನೋಡೋ ತಾಮ್ರದ ಆಕ್ಸೈಡು ಅನ್ನೋ ಜಾತಿಯ ಸೂಪರ್‌ಕಂಡಕ್ಟರುಗಳಿಗೆ ಅದು ಎಲ್ಲೂ ಸಾಲಲ್ಲ. 1987ರಲ್ಲಿ ಸಿಕ್ಕ ಯಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು ಸುಮಾರು 93 ಕೆಲ್ವಿನ್ನಲ್ಲೇ (ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ 180 ಡಿಗ್ರಿ ಕೆಳಗೆ), ಅಂದ್ರೆ ಲಿಕ್ವಿಡ್ ನೈಟ್ರೋಜನ್ನಿಗಿಂತ ಬೆಚ್ಚಗಿದ್ದಾಗ್ಲೇ, ಸೂಪರ್‌ಕಂಡಕ್ಟರ್ ಆಗತ್ತೆ, ಯಾಕೆ ಆಗತ್ತೆ ಅನ್ನೋದಕ್ಕೆ ಎಲ್ರೂ ಒಪ್ಪೋ ಥಿಯರಿ ಇವತ್ತಿಗೂ ಇಲ್ಲ!

2007ರಲ್ಲಿ ಫ್ರಾನ್ಸಿನ ತುಲೂಸಲ್ಲಿ ಇದೇ ಜಾತಿಯ ಹರಳನ್ನ, ಆಕ್ಸಿಜನ್ ಸ್ವಲ್ಪ ಕಮ್ಮಿ ಇರೋದನ್ನ, ಸುಮಾರು 60 ಟೆಸ್ಲಾಕ್ಕೆ ಒಡ್ಡಿದ್ರು. ಅಷ್ಟು ಫೀಲ್ಡು, ಅಂದ್ರೆ ಮ್ಯಾಗ್ನೆಟ್ಟಿನ ಜೋರು, ಇರೋದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಅಷ್ಟೇ, ಕೆಪಾಸಿಟರುಗಳಲ್ಲಿ ತುಂಬಿಟ್ಟ ಕರೆಂಟನ್ನ ಕಾಯಿಲಿಗೆ ಒಂದೇ ಸಲ ಬಿಡೋದು. ಕಾಯಿಲು ತಡೀಬೇಕಲ್ಲ, 100 ಟೆಸ್ಲಾಕ್ಕೆ ಹೋದ್ರೆ ಒಳಗಿನ ಒತ್ತಡ ವಾಯುಭಾರದ 40,000 ಪಟ್ಟು. ಆ ಹೊತ್ತಲ್ಲಿ ಸೊನ್ನೆ ಹೋಗಿ ರೆಸಿಸ್ಟೆನ್ಸು ಎದ್ದು, ಫೀಲ್ಡು ಏರಿದಂಗೆ ಸಣ್ಣಗೆ ಮೇಲೆ ಕೆಳಗೆ ತೂಗಾಡ್ತು. ಎಲೆಕ್ಟ್ರಾನುಗಳು ಫೀಲ್ಡಲ್ಲಿ ಸುತ್ತು ಹಾಕೋದ್ರ ಗುರುತು ಅದು. ಆ ತೂಗಾಟ ಎಷ್ಟು ಹತ್ತಿರ ಹತ್ತಿರ ಬರತ್ತೆ ಅಂತ ನೋಡಿದ್ರೆ ಸುತ್ತಿನ ಅಳತೆ ಸಿಗತ್ತೆ, ಸಿಕ್ಕಿದ್ದು ಎಲ್ರೂ ಅಂದ್ಕೊಂಡಿದ್ದಕ್ಕಿಂತ ತೀರಾ ಚಿಕ್ಕ ಸುತ್ತು. ಆ ಗ್ರಾಫು ಮೊದಲ ಸಲ ನೋಡಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಅಲ್ಲಿವರೆಗೆ ಆ ಹರಳಿನ ಅಡಿಗೆ ಇಂಥದ್ದೊಂದು ಇದೆ ಅಂತ ಯಾರೂ ಕಂಡಿರ್ಲಿಲ್ಲ ಕಣೋ.

ಇನ್ನೊಂದು ಸೂಪರ್‌ಕಂಡಕ್ಟರ್ ಇದೆ, ಯುರೇನಿಯಂ ಡೈಟೆಲ್ಲುರೈಡ್. ಮೊದಲು ಸಿಕ್ಕ ಹರಳುಗಳಲ್ಲಿ 1.6 ಕೆಲ್ವಿನ್ನಿಗೇ ಸೂಪರ್‌ಕಂಡಕ್ಟರ್ ಆಗಿದ್ದು, ಬಡಪಾಯಿ ಅನ್ನಿಸತ್ತೆ. ಆದ್ರೆ ಹರಳನ್ನ ಒಂದು ಕೋನಕ್ಕೆ ತಿರುಗಿಸಿಟ್ಟು ಫೀಲ್ಡು ಏರಿಸ್ತಾ ಹೋದ್ರೆ ಸತ್ತ ಸೂಪರ್‌ಕಂಡಕ್ಟಿವಿಟಿ 40 ಟೆಸ್ಲಾ ದಾಟಿದ್ಮೇಲೆ ಮತ್ತೆ ಎದ್ದು ಬರತ್ತೆ, 60 ದಾಟಿದ್ರೂ ಇರತ್ತೆ. ಜೋಡಿ ಒಡೀಬೇಕಾದ ಮ್ಯಾಗ್ನೆಟ್ಟಲ್ಲೇ ಜೋಡಿ ಉಳಿಯತ್ತೆ ಅಂದ್ರೆ ಅದು ಬೇರೆ ಥರದ ಜೋಡಿನೇ ಇರ್ಬೇಕು, ಎರಡೂ ಎಲೆಕ್ಟ್ರಾನಿನ ಸ್ಪಿನ್ನು (ಪ್ರತಿ ಎಲೆಕ್ಟ್ರಾನಲ್ಲೂ ಇರೋ ಪುಟ್ಟ ಮ್ಯಾಗ್ನೆಟ್ಟಿನ ದಿಕ್ಕು ಅನ್ನು) ಒಂದೇ ಕಡೆ ಮುಖ ಮಾಡಿರೋದು. ನಂಗೆ ಮುಂದೆ ಕೆಲಸ ಮಾಡೋ ಆಸೆ ಇರೋದು ಇದ್ರ ಮೇಲೇ.

ತೋಟಕ್ಕೆ ಎರಡನೇ ಔಷಧಿ ಹೊಡೆದು ಮುಗಿದ್ರೆ ಅಮಾವಾಸ್ಯೆಗೆ ಇಳಿದು ಬಾ, ಆವಾಗ ನೀರು ಚಲೋ ಇಳಿಯತ್ತೆ. ಹೊಳೆ ದಂಡೆಲಿ ಕೂತು ಆ ಗ್ರಾಫು ತೋರಿಸ್ತೀನಿ.

ನಿನ್ನ ಗೆಳೆಯ
ಕುಮಟಾ