ಹಳೆಯ ಕಂಟ್ರೋಲರ್ ಎಸೆಯಬೇಡಿ

ಮಾನ್ಯ ಸಂಪಾದಕರೇ,

ನಾನು ಚಿಕ್ಕಂದಿನಲ್ಲಿ ಆಡಿದ ನಿಂಟೆಂಡೊ ಕಂಪನಿಯ ಎನ್‌ಇಎಸ್ ಎಂಬ ವಿಡಿಯೊ ಗೇಮ್ ಯಂತ್ರದ ಕಂಟ್ರೋಲರನ್ನು (ಕೈಯಲ್ಲಿ ಹಿಡಿದು ಬಟನ್ ಒತ್ತಿ ಆಡುವ ಸಾಧನ) ಕಳೆದ ವಾರ ಕಂಪ್ಯೂಟರಿಗೆ ಜೋಡಿಸಿದೆ. ಯುಎಸ್‌ಬಿ ಬಂದದ್ದೇ 1996ರಲ್ಲಿ. ಇದು ಅದಕ್ಕಿಂತ ಹಳೆಯದು, ನೇರವಾಗಿ ಹೇಗೆ ಕೂರಬೇಕು?

ಬಿಚ್ಚಿ ನೋಡಿದರೆ ಒಳಗೆ ಒಂದೇ ಒಂದು ಚಿಪ್, 4021. ಎಂಟು ಬಟನ್‌ಗಳಲ್ಲಿ ಯಾವುದು ಒತ್ತಿದೆ ಎಂಬುದನ್ನು ಒಂದಾದ ಮೇಲೊಂದರಂತೆ ಒಂದೇ ತಂತಿಯಲ್ಲಿ ಕಳಿಸುತ್ತದೆ. ಎಷ್ಟು ಸರಳ ಅಲ್ವಾ! ಕಂಟ್ರೋಲರಿನ ಒಟ್ಟು ಐದು ತಂತಿಗಳನ್ನು ಕೀಬೋರ್ಡಿನಂತೆ ಕೆಲಸ ಮಾಡಬಲ್ಲ ಆರ್ಡುಯಿನೊ ಎಂಬ, ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಬೆಸೆದೆ. ತಂತಿಯ ಬಣ್ಣ ನಂಬಬೇಡಿ, ಯಾವ ತಂತಿ ಯಾವುದು ಎಂದು ಮಲ್ಟಿಮೀಟರ್ ಹಿಡಿದೇ ನೋಡಿ. ನಾನು ಮೊದಲ ಸಲ ಅಲ್ಲೇ ತಪ್ಪಿದ್ದೆ.

ಸವೆದು ನುಣುಪಾದ ‘ಎ’ ಬಟನ್ ಒತ್ತಿದೆ. ಪರದೆಯ ಮೇಲೆ ಅಕ್ಷರ ಮೂಡಿತು. ಕಣ್ಣು ತುಂಬಿ ಬಂತು.

ಇಂಥವನ್ನು ಸುಮ್ನೆ ಕಸಕ್ಕೆ ಹಾಕುವವರೇ ಜಾಸ್ತಿ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಈ ಜೋಡಣೆಯನ್ನು ಚಿತ್ರಸಮೇತ ಪ್ರಕಟಿಸಿ.

– ನಿಮ್ಮ ಓದುಗ